ಹಂಗಳದ ಹತ್ತಿರ, ಅಮ್ಮ ಇಲ್ಲದ ಮೊದಲ ರಾತ್ರಿ

ಮೂರನೇ ತರಗತಿಯ ಮಕ್ಕಳನ್ನು ಒಂದು ರಾತ್ರಿ ಉಳಿಯುವ ಪ್ರವಾಸಕ್ಕೆ ಕರೆದುಕೊಂಡು ಹೋಗ್ತೀವಿ ಅಂತ ಪೋಷಕರ ವಾಟ್ಸಾಪ್ ಗ್ರೂಪಿನಲ್ಲಿ ನಾನು ಹಾಕಿದ್ದು ಒಂದು ಸೋಮವಾರ ಸಂಜೆ ಐದು ಗಂಟೆಗೆ. ಆರು ಗಂಟೆಗೆ ಫೋನ್ ತೆಗೆದು ನೋಡಿದರೆ ಎಪ್ಪತ್ತೊಂದು ಮೆಸೇಜು.

"ಬಿಸಿನೀರು ಇರುತ್ತಾ ಮಿಸ್?"

"ನಮ್ಮ ಪುಟ್ಟಿ ರಾತ್ರಿ ಹಾಲು ಕುಡೀದೆ ಮಲಗಲ್ಲ."

"ಗುಂಡ್ಲುಪೇಟೆ ಅಂದ್ರೆ ಬಂಡೀಪುರದ ಪಕ್ಕ ಅಲ್ವಾ? ಹುಲಿ?"

"ಸೂರ್ಯಕಾಂತಿ ಹೊಲದಲ್ಲಿ ಗ್ರೂಪ್ ಫೋಟೋ ತೆಗೆಸಿ ಮಿಸ್, ಪ್ಲೀಸ್."

ಒಬ್ಬ ಅಪ್ಪ ಬರೆದಿದ್ದರು: "ಚಾಮರಾಜನಗರಕ್ಕೆ ಹೋದ್ರೆ ಮುಖ್ಯಮಂತ್ರಿಗಳೇ ಕುರ್ಚಿ ಕಳ್ಕೋತಾರೆ ಅಂತಾರೆ. ನಿಮ್ಮ ಕೆಲಸ ಹುಷಾರು ಮಿಸ್." ಆ ನಂಬಿಕೆಗೆ ಹೆದರಿ ಎಷ್ಟೋ ಮುಖ್ಯಮಂತ್ರಿಗಳು ಆ ಊರಿನ ಕಡೆ ತಲೆ ಹಾಕಿರಲಿಲ್ಲ. ಸಿದ್ದರಾಮಯ್ಯನವರು ಮತ್ತೆ ಮತ್ತೆ ಹೋಗಿಯೂ 2013ರಿಂದ 2018ರವರೆಗೆ ಐದು ವರ್ಷ ಪೂರೈಸಿದರು. ನಾನು ಅದನ್ನೇ ಟೈಪ್ ಮಾಡಿ, ಒಂದು ನಗುವ ಮುಖ ಹಾಕಿ ಸುಮ್ಮನಾದೆ.

ಆವತ್ತು ರಾತ್ರಿ ಹತ್ತು ಗಂಟೆಗೆ ಒಂದು ಫೋನ್ ಬಂತು. ನನ್ನ ಕ್ಲಾಸಿನ ಒಬ್ಬ ಹುಡುಗನ ಅಮ್ಮ.

"ಮಿಸ್, ನಮ್ಮವನು ಬರಲ್ಲ. ಅವನ ಅಜ್ಜಿಗೆ ಹುಷಾರಿಲ್ಲ."

ಸರಿ ಅಂದೆ. ಅವರು ಫೋನ್ ಇಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಪಕ್ಕದ ರೂಮಿಗೆ ಕೇಳಿಸಬಾರದು ಎನ್ನುವ ಹಾಗೆ ಹೇಳಿದರು: "ಅಜ್ಜಿ ಚೆನ್ನಾಗೇ ಇದ್ದಾರೆ ಮಿಸ್. ಅವನು ಇನ್ನೂ ರಾತ್ರಿ ಹಾಸಿಗೇಲಿ... ದಿನಾ ಅಲ್ಲ, ವಾರಕ್ಕೆ ಎರಡು ಮೂರು ಸಲ. ಡಾಕ್ಟರು ವಯಸ್ಸಾದ ಹಾಗೆ ಹೋಗುತ್ತೆ ಅಂದಿದ್ದಾರೆ. ಆದ್ರೆ ಕ್ಲಾಸಿನ ಮಕ್ಕಳಿಗೆ ಗೊತ್ತಾದ್ರೆ?"

ಡಾಕ್ಟರು ಹೇಳಿದ್ದು ನಿಜ. ಏಳು ವರ್ಷದ ಮಕ್ಕಳಲ್ಲಿ ನೂರಕ್ಕೆ 5ರಿಂದ 10 ಮಕ್ಕಳಿಗೆ ಹೀಗಾಗುತ್ತದೆ. ಅದು ಸೋಮಾರಿತನವಲ್ಲ, ಹಟವಲ್ಲ. ಗಾಢ ನಿದ್ದೆಯಲ್ಲಿ ದೇಹದ ಸೂಚನೆ ಮಗುವನ್ನು ಎಬ್ಬಿಸುವುದಿಲ್ಲ, ಅಷ್ಟೆ. ಆ ಲೆಕ್ಕದಲ್ಲಿ ಇಪ್ಪತ್ತಾರು ಮಕ್ಕಳ ಕ್ಲಾಸಿನಲ್ಲಿ ಒಬ್ಬಿಬ್ಬರಾದರೂ ಇರಬೇಕು. ಆದರೆ ಪ್ರತಿ ಮನೆಯಲ್ಲೂ ಇದು ನಮ್ಮೊಬ್ಬರದೇ ಗುಟ್ಟು ಅಂದುಕೊಂಡಿರುತ್ತಾರೆ.

"ಕಳಿಸಿ. ರಾತ್ರಿ ಒಂದು ಗಂಟೆಗೆ ನಾನೇ ಎಬ್ಬಿಸ್ತೀನಿ. ಯಾರಿಗೂ ಗೊತ್ತಾಗಲ್ಲ" ಅಂದೆ.

ಹೇಳಿ ಫೋನಿಟ್ಟ ಮೇಲೆ ನನಗೇ ಭಯವಾಯಿತು. ಮಕ್ಕಳಿಗೆ ಇದು ಮೊದಲ ರಾತ್ರಿ ಸರಿ. ಇಪ್ಪತ್ತಾರು ಮಕ್ಕಳ ಜವಾಬ್ದಾರಿ ಹೊತ್ತು ಮಲಗುವುದು ನನಗೂ ಮೊದಲ ಸಲವೇ. ಎಲ್ಲಾದರೂ ನಾನೇ ನಿದ್ದೆ ಹೋಗಿಬಿಟ್ಟರೆ?

(ಇದನ್ನು ಆ ತಾಯಿಯ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಮಕ್ಕಳ ಹೆಸರು ಹೇಳುವುದಿಲ್ಲ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ.)

ಹಳಿ ಮುಗಿಯುವ ಊರು

ಡಿಸೆಂಬರ್ ಎರಡನೇ ವಾರ, ಶುಕ್ರವಾರ ಬೆಳಿಗ್ಗೆ. ಮೈಸೂರು ರೈಲ್ವೆ ಸ್ಟೇಷನ್ನಿನಲ್ಲಿ ಇಪ್ಪತ್ತಾರು ಮಕ್ಕಳು, ಇಪ್ಪತ್ತಾರು ಬ್ಯಾಗು, ಅದರ ಎರಡರಷ್ಟು ಅಪ್ಪ ಅಮ್ಮಂದಿರು. ಬಸ್ಸಿನಲ್ಲೇ ನೇರ ಹೋಗಬಹುದಿತ್ತು. ಆದರೆ ಕ್ಲಾಸಿನಲ್ಲಿ ಅರ್ಧ ಮಕ್ಕಳು ರೈಲು ಹತ್ತಿರಲಿಲ್ಲ. ವಿಮಾನ ಹತ್ತಿದವರಿದ್ದರು, ಪ್ಯಾಸೆಂಜರ್ ರೈಲು ಹತ್ತಿದವರಿರಲಿಲ್ಲ. ಅದಕ್ಕೇ ಚಾಮರಾಜನಗರದವರೆಗೆ ರೈಲು, ಅಲ್ಲಿಂದ ಮಿನಿ ಬಸ್ಸು ಅಂತ ಮಾಡಿದ್ದೆವು. ದೊಡ್ಡವರು ನಾಲ್ಕು ಜನ: ನಾನು, ಪಿ.ಟಿ. ಸರ್, ಇನ್ನೊಬ್ಬ ಟೀಚರ್, ಮತ್ತೆ ನಮ್ಮ ಆಯಮ್ಮ.

ಮೈಸೂರಿನಿಂದ ಚಾಮರಾಜನಗರಕ್ಕೆ ರೈಲಿನಲ್ಲಿ 61 ಕಿ.ಮೀ. ನಂಜನಗೂಡಿನ ಹತ್ತಿರ ಕಪಿಲಾ ನದಿ ದಾಟುವಾಗ ಪಕ್ಕದಲ್ಲಿ ಹಳೆಯ ಕಲ್ಲಿನ ಸೇತುವೆ ಕಾಣುತ್ತದೆ, 1735ರದ್ದು. ಒಂದು ಕಾಲದಲ್ಲಿ ಗಾಡಿ, ರೈಲು ಎರಡೂ ಅದರ ಮೇಲೆಯೇ ಓಡುತ್ತಿದ್ದವು. ಅದನ್ನು ತೋರಿಸಿದೆ. ಮಕ್ಕಳಿಗೆ ಅದಕ್ಕಿಂತ ಕಡಲೆಕಾಯಿ ಮಾರುವವರ ಬುಟ್ಟಿ ಹೆಚ್ಚು ಆಕರ್ಷಕವಾಗಿತ್ತು. ಕವಲಂದೆ, ಬದನಗುಪ್ಪೆ ಅಂತ ಸ್ಟೇಷನ್ ಬೋರ್ಡುಗಳನ್ನು ಜೋರಾಗಿ ಓದುತ್ತಾ ಹೋದರು. ಬದನಗುಪ್ಪೆ ಬಂದಾಗ "ಇಲ್ಲಿ ಬದನೇಕಾಯಿ ಮಾತ್ರ ತಿಂತಾರಾ?" ಅಂತ ಒಬ್ಬಳು ಕೇಳಿದಳು. ಆ ಬೋಗಿಯಲ್ಲಿದ್ದ ಊರಿನವರೇ ನಕ್ಕುಬಿಟ್ಟರು.

ನಮ್ಮ ಹುಡುಗ ಕಿಟಕಿ ಪಕ್ಕ ಕೂತು ಮಾತಿಲ್ಲದೆ ನೋಡುತ್ತಿದ್ದ. ನೀರಿನ ಬಾಟಲಿ ಮುಟ್ಟಲಿಲ್ಲ. ಬೆಳಿಗ್ಗೆಯಿಂದಲೇ ನೀರು ಬಿಟ್ಟಿದ್ದಾನೆ ಅಂತ ನನಗೆ ಆಮೇಲೆ ಹೊಳೆಯಿತು. ಪಕ್ಕ ಕೂತು, "ಈಗ ಕುಡಿ. ಸಾಯಂಕಾಲದ ಮೇಲೆ ಕಡಿಮೆ ಮಾಡಿದ್ರೆ ಸಾಕು" ಅಂತ ಕಿವಿಯಲ್ಲಿ ಹೇಳಿದೆ. ಅವನು ನನ್ನ ಮುಖವನ್ನೇ ನೋಡಿದ. ಮಿಸ್‌ಗೆ ಗೊತ್ತು ಅನ್ನುವುದು ಅವನಿಗೆ ಗೊತ್ತಾಯಿತು. ಅರ್ಧ ಬಾಟಲಿ ಕುಡಿದ.

ಚಾಮರಾಜನಗರ ಬಂದಾಗ ಪಿ.ಟಿ. ಸರ್, "ಇಳೀರಿ, ಇಲ್ಲಿಂದ ಮುಂದೆ ಹಳಿ ಇಲ್ಲ" ಅಂದರು. ಅದೊಂದು ಮಾತಿಗೆ ಎಲ್ಲರೂ ಪ್ಲಾಟ್‌ಫಾರಂ ತುದಿಗೆ ಓಡಲು ತಯಾರು. ಹಳಿ ಮುಗಿಯುತ್ತದೆ ಅನ್ನುವುದು ಅವರ ತಲೆಗೆ ಬಂದೇ ಇರಲಿಲ್ಲ.

"ಯಾಕೆ ಮುಂದೆ ಹಾಕಿಲ್ಲ?"

ಇಲ್ಲಿಂದ ಸತ್ಯಮಂಗಲ, ಮೆಟ್ಟುಪಾಳ್ಯಂ ಕಡೆಗೆ ರೈಲು ಬೇಕು ಅನ್ನುವುದು ಬಹಳ ಹಳೆಯ ಬೇಡಿಕೆ. ನಡುವೆ ಕಾಡಿದೆ, ಆನೆಗಳು ಓಡಾಡುವ ಜಾಗ, ಅದಕ್ಕೇ ಆಗಿಲ್ಲ ಅಂದೆ. "ಹಾಗಾದ್ರೆ ಆನೆ ಗೆದ್ದಿದೆ" ಅಂತ ಒಬ್ಬ ತೀರ್ಪು ಕೊಟ್ಟ.

ಊರಲ್ಲಿ ಚಾಮರಾಜೇಶ್ವರ ದೇವಸ್ಥಾನ ನೋಡಿದೆವು. ಈ ಊರಿನ ಹಳೆಯ ಹೆಸರು ಅರಿಕುಠಾರ. ಚಾಮರಾಜ ಒಡೆಯರು 1774ರಲ್ಲಿ ಹುಟ್ಟಿದ್ದು ಇಲ್ಲಿ. ಅವರ ಮಗ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಊರಿಗೆ ಅಪ್ಪನ ಹೆಸರಿಟ್ಟರು, 1826ರಲ್ಲಿ ಈ ದೇವಸ್ಥಾನ ಕಟ್ಟಿಸಿದರು. ಹುಟ್ಟಿದ ಜಾಗದಲ್ಲಿ ಜನನ ಮಂಟಪವೂ ಇದೆ. ಇನ್ನೊಂದು ವಿಶೇಷ ಅಂದರೆ ಇಲ್ಲಿ ತೇರು ನಡೆಯುವುದು ಆಷಾಢದಲ್ಲಿ. ಹೊಸದಾಗಿ ಮದುವೆಯಾದವರು ಆಷಾಢದಲ್ಲಿ ದೂರ ಇರಬೇಕು ಅನ್ನುವ ನಾಡಿನಲ್ಲಿ, ಈ ತೇರಿಗೆ ನವದಂಪತಿಗಳು ಜೊತೆಯಾಗಿ ಬಂದು ಹಣ್ಣು ಜವನ ಎಸೆಯುತ್ತಾರೆ. ಇದು ನನ್ನ ಮತ್ತು ಸಹೋದ್ಯೋಗಿಯ ನಡುವಿನ ಮಾತು. ಮಕ್ಕಳಿಗೆ ಹಿಡಿಸಿದ್ದು ಹೆಸರಿನ ವಿಷಯ. "ನಾನೂ ದೊಡ್ಡವನಾಗಿ ಸರಸ್ವತಿಪುರಂಗೆ ನಮ್ಮಪ್ಪನ ಹೆಸರಿಡ್ತೀನಿ" ಅಂದ ಒಬ್ಬ.

ರಸ್ತೆ ಮೇಲೆ ಹುರುಳಿ

ಚಾಮರಾಜನಗರದಿಂದ ತೆರಕಣಾಂಬಿ ಮೇಲೆ ಗುಂಡ್ಲುಪೇಟೆಗೆ ಮೂವತ್ತೈದು ಕಿ.ಮೀ. ಆಸುಪಾಸು. ಎರಡೂ ಕಡೆ ಬಾಳೆ, ಹಳದಿ ತಿರುಗುತ್ತಿದ್ದ ಅರಿಶಿನದ ಎಲೆ, ಸಣ್ಣ ಈರುಳ್ಳಿ, ಕೊಯ್ದು ಮಲಗಿಸಿದ ರಾಗಿ. ಪೋಷಕರು ಕೇಳಿದ್ದ ಸೂರ್ಯಕಾಂತಿ ಎಲ್ಲೂ ಇರಲಿಲ್ಲ.

ಗುಂಡ್ಲುಪೇಟೆ ಅಂದರೆ ನಮ್ಮ ಫೋನುಗಳಲ್ಲಿ ಸೂರ್ಯಕಾಂತಿ, ಚೆಂಡು ಹೂ. ಆದರೆ ಆ ಹಳದಿ ಇರುವುದು ಮಳೆಗಾಲದಲ್ಲಿ, ಜೂನ್ ಕೊನೆಯಿಂದ ಆಗಸ್ಟ್‌ವರೆಗೆ. ಆಗ ಕೇರಳದಿಂದ, ಬೆಂಗಳೂರಿನಿಂದ ಕಾರುಗಳು ಸಾಲಾಗಿ ನಿಲ್ಲುತ್ತವೆ. ಫೋಟೋಗೆ ಇಷ್ಟು ದುಡ್ಡು ಅಂತ ಹೊಲದವರು ಬೋರ್ಡು ಹಾಕುವುದೂ ಉಂಟು, ತುಳಿದು ಹೋಗುವವರ ಕಾಟಕ್ಕೆ. ಚೆಂಡು ಹೂವಿನಲ್ಲಿ ಸ್ವಲ್ಪ ಓಣಂಗೆ ಕೇರಳಕ್ಕೆ ಹೋಗುತ್ತದೆ, ಬಹಳಷ್ಟು ಬಣ್ಣ ತೆಗೆಯುವ ಕಾರ್ಖಾನೆಗೆ. ಡಿಸೆಂಬರಿನಲ್ಲಿ ಅದೇ ನೆಲದಲ್ಲಿ ಬೇರೆ ಕೆಲಸ ನಡೆಯುತ್ತಿರುತ್ತದೆ.

ಬೇರೆ ಕೆಲಸ ಏನು ಅಂತ ನಮಗೆ ತೋರಿಸಿದ್ದು ರಸ್ತೆ. ಬಸ್ಸು ಇದ್ದಕ್ಕಿದ್ದಂತೆ ನಿಧಾನವಾಯಿತು. ಟಾರು ರಸ್ತೆಯ ಮೇಲೆ ದಪ್ಪಗೆ, ಕಂದು ಬಣ್ಣದ ಹುಲ್ಲಿನಂಥದ್ದು ಹರಡಿತ್ತು. ಹುರುಳಿ ಗಿಡ. ಬಸ್ಸು ಅದರ ಮೇಲೆ ಹೋದಾಗ ಕೆಳಗೆ ಪಟಪಟ ಅಂತ ಸದ್ದು. ಮಕ್ಕಳೆಲ್ಲ ಎದ್ದು ನಿಂತರು.

"ಸರ್, ನಿಲ್ಸಿ! ನಾವು ಯಾರದ್ದೋ ಗಿಡ ತುಳಿದ್ವಿ!"

ರಸ್ತೆ ಬದಿಗೆ ನಿಲ್ಲಿಸಿ ಇಳಿದೆವು. ಸೆರಗನ್ನು ತಲೆಗೆ ಸುತ್ತಿಕೊಂಡಿದ್ದ ಒಬ್ಬ ಅಮ್ಮ ಗಿಡಗಳನ್ನು ತಿರುವಿ ಹಾಕುತ್ತಿದ್ದರು. "ತುಳೀರಿ ಅಂತ್ಲೆ ಹಾಕಿರದು ಮೊಗ" ಅಂತ ನಕ್ಕರು. ಮೊದಲೆಲ್ಲ ಕಣ ಮಾಡಿ, ಎತ್ತು ಕಟ್ಟಿ ಗುಂಡು ಹೊಡೆಯುತ್ತಿದ್ದರು. ಈಗ ಕಣ ಮಾಡಲು ಜಾಗವಿಲ್ಲ, ಎತ್ತು ಇಲ್ಲ, ಕೂಲಿಗೆ ಆಳಿಲ್ಲ. ಬಸ್ಸು ಲಾರಿ ಓಡಾಡಿದರೆ ಕಾಯಿ ಒಡೆದು ಕಾಳು ಕೆಳಗೆ ಬೀಳುತ್ತದೆ. ಆಮೇಲೆ ಗಾಳಿಗೆ ತೂರಿದರೆ ಆಯಿತು.

ಇದು ಚೆಂದದ ಚಿತ್ರ ಮಾತ್ರ ಅಲ್ಲ. ಈ ಹುಲ್ಲಿನ ಮೇಲೆ ಬೈಕು ಜಾರಿ ಬಿದ್ದು ಕೈಕಾಲು ಮುರಿದುಕೊಂಡವರಿದ್ದಾರೆ. ಕಾರಿನ ಅಡಿಗೆ ಸುತ್ತಿಕೊಂಡು ಬೆಂಕಿ ಹತ್ತಿದ್ದೂ ಇದೆ. ರಸ್ತೆಯಲ್ಲಿ ಒಕ್ಕಣೆ ಮಾಡಬೇಡಿ ಅಂತ ಅಧಿಕಾರಿಗಳು ಹೇಳುತ್ತಲೇ ಇರುತ್ತಾರೆ. ನಮ್ಮ ಡ್ರೈವರ್ ಅದನ್ನೇ ಗೊಣಗುತ್ತಿದ್ದರು. ಎರಡೂ ಕಡೆಯ ಮಾತು ಮಕ್ಕಳು ಕೇಳಿಸಿಕೊಂಡರು. ಆ ಅಮ್ಮ ಒಂದು ಹಿಡಿ ಕಾಳು ಆರಿಸಿ ಅವರ ಕೈಗೆ ಹಾಕಿದರು. ಇಪ್ಪತ್ತಾರು ಜೇಬಿಗೆ ಎರಡೆರಡು ಕಾಳು. ಮನೆಯಲ್ಲಿ ಹುರುಳಿ ಸಾರು ಮುಟ್ಟದ ಮಕ್ಕಳು ಆ ಕಾಳನ್ನು ಮಲಗುವಾಗಲೂ ಬಿಡಲಿಲ್ಲ.

ಮುದ್ದೆ, ಚಳಿ, ವಿಡಿಯೋ ಕಾಲ್

ಗುಂಡ್ಲುಪೇಟೆಯಲ್ಲಿ ದಾರಿ ಕವಲೊಡೆಯುತ್ತದೆ. ಒಂದು ವಯನಾಡಿನ ಮೇಲೆ ಕೋಯಿಕ್ಕೋಡಿಗೆ, ಇನ್ನೊಂದು ಬಂಡೀಪುರದ ಮೇಲೆ ಊಟಿಗೆ. ಎರಡೂ ಕಾಡೊಳಗೇ ಹೋಗಬೇಕು. 2009ರಿಂದ ಆ ಕಾಡಿನ ರಸ್ತೆಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಷೇಧ. ಆಂಬುಲೆನ್ಸ್ ಮತ್ತು ಬೆರಳೆಣಿಕೆಯ ಬಸ್ಸುಗಳಿಗೆ ಮಾತ್ರ ಬಿಡುತ್ತಾರೆ. ಮಕ್ಕಳಿಗೆ ಇದು ಬಹಳ ನ್ಯಾಯವಾಗಿ ಕಂಡಿತು. "ಹಗಲು ನಮ್ದು, ರಾತ್ರಿ ಅವುಗಳ್ದು." ಕೇರಳಕ್ಕೆ ತರಕಾರಿ ತುಂಬಿಕೊಂಡು ಹೋಗುವ ಲಾರಿಯವರನ್ನು ಕೇಳಿದರೆ ಅಷ್ಟು ಸುಲಭಕ್ಕೆ ಒಪ್ಪಲಿಕ್ಕಿಲ್ಲ.

ನಾವು ಉಳಿದದ್ದು ಊಟಿ ರಸ್ತೆಯ ಹಂಗಳದ ಹತ್ತಿರ, ಸಹೋದ್ಯೋಗಿಯ ನೆಂಟರ ತೋಟದ ಮನೆಯಲ್ಲಿ. ಹೆಂಚಿನ ಉದ್ದನೆಯ ಹಜಾರ, ಮುಂದೆ ಅಂಗಳ, ಅಂಗಳದಾಚೆ ಕೊಟ್ಟಿಗೆ, ಅದರ ಪಕ್ಕ ಬಚ್ಚಲು, ಕಕ್ಕಸು. ರೆಸಾರ್ಟು ಅಲ್ಲ, ಹೋಂಸ್ಟೇ ಅಲ್ಲ, ಜನ ಬದುಕುವ ಮನೆ. ಮಧ್ಯಾಹ್ನವೆಲ್ಲ ಮಕ್ಕಳು ಅರಿಶಿನದ ಗಿಡ ಕಿತ್ತು ಗೆಡ್ಡೆ ಮೂಸಿದರು, ಹಸುವಿಗೆ ಹುಲ್ಲು ಹಾಕಿದರು, ಅಂಗಳದಲ್ಲಿ ಕೂತು ಅವರೆಕಾಯಿ ಸುಲಿದರು. ಸೊಗಡಿಗೆ ಕೈಯೆಲ್ಲ ಅಂಟಂಟು. "ಮಿಸ್, ನನ್ನ ಕೈ ವಾಸ್ನೆ ನೋಡಿ" ಅಂತ ಎಲ್ಲರೂ ನನ್ನ ಮೂಗಿಗೆ ಕೈ ಹಿಡಿದದ್ದೇ ಹಿಡಿದದ್ದು.

ರಾತ್ರಿ ಊಟಕ್ಕೆ ಮುದ್ದೆ, ಅವರೆಕಾಳು ಸಾರು. ಮುದ್ದೆಯನ್ನು ಅಗಿಯಬಾರದು, ಮುರಿದು ಸಾರಿನಲ್ಲಿ ಅದ್ದಿ ನುಂಗಬೇಕು ಅಂತ ಮನೆಯ ಅಜ್ಜ ಪಾಠ ಮಾಡಿದರು. ಹತ್ತು ಮಕ್ಕಳು ನುಂಗಿದರು, ಹತ್ತು ಮಕ್ಕಳು ಅಗಿದರು, ಆರು ಜನ ಅನ್ನ ಕೇಳಿದರು. ಯಾರೂ ಹಸಿದು ಮಲಗಲಿಲ್ಲ.

ನಾನು ಮಾಡಿದ ತಪ್ಪು ಒಂದಿದೆ. ಎಂಟು ಗಂಟೆಗೆ ವಿಡಿಯೋ ಕಾಲ್ ಮಾಡಿಸ್ತೀನಿ ಅಂತ ಪೋಷಕರಿಗೆ ಮಾತು ಕೊಟ್ಟಿದ್ದೆ. ಅಲ್ಲಿ ಸಿಗ್ನಲ್ ಒಂದು ಕಡ್ಡಿ, ಅದೂ ಕೊಟ್ಟಿಗೆಯ ಗೋಡೆ ಪಕ್ಕ ನಿಂತರೆ ಮಾತ್ರ. ಹೇಗೋ ಒಂದು ಕಾಲ್ ಸಿಕ್ಕಿತು. ಪರದೆಯಲ್ಲಿ ಅಮ್ಮನ ಮುಖ ಬಂತು, ಮಗು "ಅಮ್ಮಾ" ಅಂದಿತು, ಅಮ್ಮ ಕಣ್ಣು ಒರೆಸಿಕೊಂಡರು, ಚಿತ್ರ ಅಲ್ಲೇ ನಿಂತುಬಿಟ್ಟಿತು. ಅಳುವ ಅಮ್ಮನ ನಿಂತ ಮುಖ! ಆ ಮಗು ಅತ್ತಿತು. ಅದನ್ನು ನೋಡಿ ಪಕ್ಕದವಳು, ಅವಳನ್ನು ನೋಡಿ ಇನ್ನಿಬ್ಬರು. ಐದು ನಿಮಿಷದಲ್ಲಿ ಏಳು ಮಕ್ಕಳು ಅಳುತ್ತಿದ್ದರು. ಅಷ್ಟು ಹೊತ್ತಿನವರೆಗೆ ಯಾರಿಗೂ ಮನೆಯ ನೆನಪೇ ಇರಲಿಲ್ಲ.

ಆಯಮ್ಮ ಬಂದು ನನ್ನ ಕೈಯಿಂದ ಫೋನ್ ತಗೊಂಡು ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡರು. "ಸಾಕು ಮಿಸ್. ಎಲ್ಲಾ ಉಂಡವ್ರೆ, ಮಲಗ್ತವ್ರೆ ಅಂತ ಒಂದು ವಾಯ್ಸ್ ಹಾಕಿ ಬಿಡಿ." ಹಾಗೇ ಮಾಡಿದೆ. ಆಮೇಲೆ ಅವರು ಮಕ್ಕಳ ನಡುವೆ ಕೂತು, ತಾವು ಚಿಕ್ಕಂದಿನಲ್ಲಿ ಮಾದಪ್ಪನ ಬೆಟ್ಟಕ್ಕೆ ನಡೆದುಕೊಂಡು ಹೋದ ಕತೆ ಹೇಳಿದರು. ಕತೆ ಬೆಟ್ಟ ತಲುಪುವ ಮೊದಲೇ ಹಜಾರ ನಿಶ್ಶಬ್ದ.

ರಾತ್ರಿ ಒಂದು ಗಂಟೆ

ಫೋನನ್ನು ವೈಬ್ರೇಟ್‌ಗೆ ಹಾಕಿ ತಲೆದಿಂಬಿನ ಕೆಳಗಿಟ್ಟಿದ್ದೆ. ಅದರ ಅಗತ್ಯ ಬೀಳಲಿಲ್ಲ, ನಿದ್ದೆಯೇ ಬಂದಿರಲಿಲ್ಲ. ಹುಡುಗನನ್ನು ಬಾಗಿಲ ಪಕ್ಕವೇ ಮಲಗಿಸಿದ್ದೆ. ಭುಜ ಮುಟ್ಟಿದ ಕೂಡಲೇ ಎದ್ದ. ಅವನಿಗೂ ಅರೆನಿದ್ದೆಯೇ ಇರಬೇಕು. ಟಾರ್ಚ್ ಹಿಡಿದು ಹಿಂದಿನ ಬಾಗಿಲಿನಿಂದ ಅಂಗಳಕ್ಕೆ ಇಳಿದೆವು.

ಚಳಿ ಅಂದರೆ ಚಳಿ. ಮೇಲೆ ನೋಡಿದರೆ ಆಕಾಶ ತುಂಬ ನಕ್ಷತ್ರ. ಕೆಲಸ ಮುಗಿಸಿ ಬಂದವನು ಅಲ್ಲೇ ನಿಂತು ತಲೆ ಎತ್ತಿದ. ಅಷ್ಟರಲ್ಲಿ ದೂರದ ಹೊಲದ ಕಡೆಯಿಂದ ಒಂದು ಕೂಗು, "ಹೋ... ಹೋಯ್..." ಅಂತ ಉದ್ದಕ್ಕೆ. ಹಿಂದೆಯೇ ತಗಡಿನ ಡಬ್ಬ ಬಡಿಯುವ ಸದ್ದು. ಹುಡುಗ ನನ್ನ ಕೈ ಬಿಗಿಯಾಗಿ ಹಿಡಿದ. ನಿಜ ಹೇಳಬೇಕೆಂದರೆ ನಾನೂ ಅವನ ಕೈ ಹಿಡಿದೆ.

ಕೊಟ್ಟಿಗೆಯ ಮುಂದೆ ಸಣ್ಣ ಬೆಂಕಿ. ಪಕ್ಕದಲ್ಲಿ ಕಂಬಳಿ ಹೊದ್ದು ಮನೆಯ ಅಜ್ಜ ಕೂತಿದ್ದರು.

"ಯಾನ ಮೊಗ, ನಿದ್ದ ಬರ್ನಿಲ್ವ? ಬಾ, ಕಾಯ್ಸ್ಕ."

ಹೋಗಿ ಕೂತೆವು. ಅದು ಯಾರ ಕೂಗು ಅಂತ ಹುಡುಗ ಕೇಳಿದ. ಅಜ್ಜನ ಮಗ. ಹೊಲದ ಮರದ ಮೇಲೆ ಅಟ್ಟಣೆ ಕಟ್ಟಿಕೊಂಡು ಕಾವಲು ಕೂತಿದ್ದಾರೆ. ಕೊಯ್ದ ರಾಗಿ ಇನ್ನೂ ಹೊಲದಲ್ಲೇ ಇದೆ. ಬಂಡೀಪುರದ ಅಂಚಿನ ಈ ಊರುಗಳಲ್ಲಿ ರಾಗಿ ಕೊಯ್ಲು ಬಂತೆಂದರೆ ಆನೆಗೂ ಗೊತ್ತಾಗುತ್ತದೆ. ಕಾಡುಹಂದಿಗಂತೂ ವರ್ಷವೆಲ್ಲ ಗೊತ್ತಿರುತ್ತದೆ.

"ಕೂಗಿದ್ರೆ ಆನೆ ಹೆದರುತ್ತಾ?"

"ಹೆದ್ರಾದು ಎಲ್ಲಿ ಬಂತು. ಇಲ್ಲಿ ಯಾರೋ ಎದ್ದವ್ರ ಅಂತ ಗೊತ್ತಾದ್ರ ಸಾಕು, ಆ ಕಡಗ ಹೋಯ್ತದ."

"ನೀವು ದಿನಾ ಎದ್ದಿರ್ತೀರಾ?"

"ಕುಯ್ಲು ಮುಗಿಯಗಂಟ."

"ಮತ್ತೆ ಯಾವಾಗ ಮಲಗ್ತೀರಾ?"

"ನೀನು ಇಸ್ಕೂಲ್ಗ ಹೋದಾಗ."

ಹುಡುಗ ಮೊದಲ ಸಲ ನಕ್ಕ.

ಕಾಡಂಚಿನಲ್ಲಿ ಆನೆ ಕಂದಕ ತೋಡಿದ್ದಾರೆ, ಕೆಲವು ಕಡೆ ರೈಲು ಕಂಬಿಯ ಬೇಲಿ ಹಾಕಿದ್ದಾರೆ, ಸೋಲಾರ್ ತಂತಿ ಇದೆ. ಆದರೂ ಮಳೆಗೆ ಕಂದಕ ಮುಚ್ಚುತ್ತದೆ, ಆನೆ ದಾರಿ ಕಂಡುಕೊಳ್ಳುತ್ತದೆ. ಬಂಡೀಪುರ 1973ರಲ್ಲಿ ಹುಲಿ ಯೋಜನೆ ಶುರುವಾದಾಗಿನ ಮೊದಲ ಒಂಬತ್ತು ಕಾಡುಗಳಲ್ಲಿ ಒಂದು. ಆ ಕಾಡು ಉಳಿದದ್ದಕ್ಕೆ ನಾವು ಮೈಸೂರು ಬೆಂಗಳೂರಿನಲ್ಲಿ ಕೂತು ಹೆಮ್ಮೆ ಪಡುತ್ತೇವೆ. ಅದರ ಅಂಚಿನಲ್ಲಿ ನಿದ್ದೆಗೆಡುವವರು ಇವರು. "ಅದ್ಕೂ ಹೊಟ್ಟ ಅದಲ್ವ" ಅಂದರು ಅಜ್ಜ. ಮಾರನೇ ದಿನ ಬೆಳಿಗ್ಗೆ ಈ ಮಾತನ್ನು ನಾನು ಮೆಚ್ಚಿಕೊಂಡು ಹೇಳಿದಾಗ ಅವರ ಸೊಸೆ, ಕಾಫಿ ಸೋಸುತ್ತಾ, "ಮಾವ ಹಂಗೇ ಅಂತರ. ಸಂಘದ ಸಾಲ ಕಟ್ಟೋಳು ನಾನು" ಅಂದರು. ಎರಡನ್ನೂ ಬರೆದುಕೊಂಡೆ.

ಒಳಗೆ ಹೋಗುವಾಗ ಹುಡುಗ ಕೇಳಿದ: "ಮಿಸ್, ನೀವೂ ಎದ್ದೇ ಇದ್ರಾ?"

"ಹೂಂ."

"ನಾನೊಬ್ಬನಿಗೋಸ್ಕರಾನಾ?"

"ಇಲ್ಲಪ್ಪ, ಎಲ್ಲರಿಗೋಸ್ಕರ" ಅಂದೆ. ಅದು ಪೂರ್ತಿ ನಿಜವಲ್ಲ. ಅವನು ತಲೆಯಾಡಿಸಿ, ಕಂಬಳಿ ಎಳೆದುಕೊಂಡು ಮಲಗಿದ. ಎರಡೇ ನಿಮಿಷಕ್ಕೆ ಗಾಢ ನಿದ್ದೆ. ಹೊಲದಿಂದ ಕೂಗು ಮತ್ತೆ ಎರಡು ಮೂರು ಸಲ ಬಂತು. ಯಾಕೋ ಆ ಕೂಗು ಕೇಳುತ್ತಿದ್ದರೆ ನನಗೂ ಧೈರ್ಯ. ನಾಲ್ಕು ಗಂಟೆ ಹೊತ್ತಿಗೆ ನನಗೂ ನಿದ್ದೆ ಹತ್ತಿತು.

ಇನ್ನೂ ಎರಡಿದೆ

ಐದೂವರೆಗೆ ಎದ್ದವಳೇ ಮೊದಲು ಅವನ ಹಾಸಿಗೆ ನೋಡಿದೆ. ಒಣಗಿತ್ತು. ಅವನು ಆಗಲೇ ಎದ್ದು ಕೂತಿದ್ದ. ನನ್ನನ್ನು ನೋಡಿ ಹೆಬ್ಬೆರಳು ಎತ್ತಿದ. ಅವನ ಅಮ್ಮನಿಗೆ ಆಗಲೇ ಮೆಸೇಜ್ ಮಾಡೋಣ ಅಂತ ಕೊಟ್ಟಿಗೆಯ ಗೋಡೆ ಕಡೆ ಹೊರಟೆ.

ಬಾಗಿಲಲ್ಲಿ ತಿರುಗಿ ನೋಡಿದಾಗ ಕಂಡಿತು. ಹುಡುಗಿಯರ ಸಾಲಿನ ತುದಿಯಲ್ಲಿ ಒಬ್ಬಳು ಕಂಬಳಿ ಕುತ್ತಿಗೆವರೆಗೆ ಹೊದ್ದು, ಎದ್ದೇಳದೆ, ಚಾವಣಿ ನೋಡುತ್ತಾ ಮಲಗಿದ್ದಳು. ನಮ್ಮ ಕ್ಲಾಸಿನ ಅತ್ಯಂತ ಧೈರ್ಯದ ಹುಡುಗಿ. ಎಲ್ಲ ಪ್ರಶ್ನೆಗೂ ಮೊದಲು ಕೈ ಎತ್ತುವವಳು, ನಿನ್ನೆ ಯಾರೂ ಅತ್ತರೂ ಅಳದೆ ಬೇರೆಯವರ ಕಣ್ಣು ಒರೆಸಿದವಳು. ಅವಳ ಮುಖ ನೋಡಿದ ಕೂಡಲೇ ನನಗೆ ತಿಳಿಯಿತು. ಇವಳ ಅಮ್ಮ ನನಗೆ ಫೋನ್ ಮಾಡಿರಲಿಲ್ಲ. ಬಹುಶಃ ಅವಳಿಗೂ ಇದು ಯಾವತ್ತೋ ನಿಂತುಹೋಗಿದ್ದು, ಹೊಸ ಜಾಗ, ಚಳಿ, ಅಷ್ಟೇ ಕಾರಣ.

ನಾನು ಹೋಗುವ ಮೊದಲೇ ನಮ್ಮ ಹುಡುಗ ಎದ್ದ. ಅವನಿಗೂ ತಿಳಿದಿರಬೇಕು. ಆ ಮುಖ ಅವನಿಗೆ ಗೊತ್ತಿರುವಷ್ಟು ನಮ್ಮ ಯಾರಿಗೂ ಗೊತ್ತಿಲ್ಲ. ಬ್ಯಾಗು ತೆರೆದ. ಅವನ ಅಮ್ಮ ಮೂರು ಪೈಜಾಮಗಳನ್ನು ಬೇರೆ ಬೇರೆ ಕವರಿನಲ್ಲಿ ಹಾಕಿ ಕಳಿಸಿದ್ದರು. ಒಂದು ಕವರ್ ತೆಗೆದು, ಏನೋ ಬಿದ್ದಿದ್ದನ್ನು ಹುಡುಕುವವನ ಹಾಗೆ ನಡೆದುಹೋಗಿ ಅವಳ ಕಂಬಳಿಯ ಪಕ್ಕ ಇಟ್ಟ.

"ಇದು ಒಗೆದಿರೋದು. ನನ್ನ ಹತ್ರ ಇನ್ನೂ ಎರಡಿದೆ" ಅಂದ. ಆಮೇಲೆ, ಇನ್ನೂ ಮೆಲ್ಲಗೆ, "ಆ ಹಿಂದಿನ ಬಾಗಿಲಿಂದ ಹೋಗು. ಅಲ್ಲಿ ಯಾರೂ ಇರಲ್ಲ."

ಅಷ್ಟು ಹೇಳಿ ವಾಪಸ್ ಬಂದು ತನ್ನ ಶೂ ಲೇಸು ಕಟ್ಟಲು ಕೂತ.

ಉಳಿದದ್ದನ್ನು ಆಯಮ್ಮ ನೋಡಿಕೊಂಡರು. ಅವಳು ಎದ್ದು ಹೋದ ಮೇಲೆ ಆ ಬೆಡ್‌ಶೀಟ್ ತೆಗೆದರು. ಅದೊಂದನ್ನೇ ಒಗೆದರೆ ಯಾರಾದರೂ ಕೇಳಬಹುದಲ್ಲ? ಅಕ್ಕಪಕ್ಕದ ನಾಲ್ಕನ್ನೂ ಎಳೆದು, "ಎಲ್ಲಾ ಮಣ್ಣು ಮಾಡ್ಕೊಂಡಿದ್ದೀರ, ಪಿಶಾಚಿಗಳ" ಅಂತ ಬೈದು ಒಟ್ಟಿಗೆ ಒಗೆಯಲು ಹಾಕಿದರು. ಎಂಟು ಗಂಟೆಗೆ ಬೇಲಿಯ ಮೇಲೆ ಐದು ಬೆಡ್‌ಶೀಟು ಒಣಗುತ್ತಿದ್ದವು. ಯಾರದ್ದು ಯಾವುದು ಅಂತ ಹೇಳುವವರಿಲ್ಲ.

ನಾನು ಏನನ್ನೂ ಮಾಡಲಿಲ್ಲ. ಮಾಡುವ ಅಗತ್ಯವೂ ಇರಲಿಲ್ಲ.

ಬೆಟ್ಟದಲ್ಲಿ ಏನೂ ಕಾಣಲಿಲ್ಲ

ಎರಡನೇ ದಿನ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಹಂಗಳದಿಂದ ಬಲಕ್ಕೆ ತಿರುಗಿದರೆ ದಾರಿ. ಬೆಟ್ಟದ ಬುಡದಲ್ಲಿ ನಮ್ಮ ಮಿನಿ ಬಸ್ಸು ಬಿಟ್ಟು ಕೆಎಸ್‌ಆರ್‌ಟಿಸಿ ಬಸ್ಸು ಹತ್ತಬೇಕು, ಖಾಸಗಿ ವಾಹನ ಮೇಲೆ ಬಿಡುವುದಿಲ್ಲ. ಎತ್ತರ 1454 ಮೀಟರ್. ಮೇಲಿಂದ ಬಂಡೀಪುರದ ಕಾಡು, ನೀಲಗಿರಿ ಸಾಲು ಎಲ್ಲಾ ಕಾಣುತ್ತೆ ಅಂತ ನಾನು ಒಂದು ವಾರದಿಂದ ಹೇಳಿಕೊಂಡು ಬಂದಿದ್ದೆ.

ಮೇಲೆ ಹೋದರೆ ಮಂಜು. ದೇವಸ್ಥಾನದ ಗೋಪುರವೂ ಅರ್ಧ ಮಾತ್ರ. ಕೊಳಲು ಹಿಡಿದ ಗೋಪಾಲನಿಗೆ ಕೈಮುಗಿದು ಹೊರಗೆ ಬಂದು ಕಾದೆವು, ಮಂಜು ಸರಿಯಲಿಲ್ಲ. ಮಕ್ಕಳು ಮಂಜನ್ನು ಮುಷ್ಟಿಯಲ್ಲಿ ಹಿಡಿದು ಜೇಬಿಗೆ ಹಾಕಿಕೊಳ್ಳುವ ಆಟ ಆಡಿದರು. ಯಾರಿಗೂ ಬೇಸರವಿರಲಿಲ್ಲ, ನನ್ನೊಬ್ಬಳನ್ನು ಬಿಟ್ಟು.

ಸೋಮವಾರ ಕ್ಲಾಸಿನಲ್ಲಿ ಪ್ರವಾಸದ ಚಿತ್ರ ಬರೆಯಿರಿ ಅಂದೆ. ಒಬ್ಬ ಖಾಲಿ ಹಾಳೆ ಕೊಟ್ಟು "ಇದು ಗೋಪಾಲಸ್ವಾಮಿ ಬೆಟ್ಟ" ಅಂದ. ಹೆಚ್ಚಿನವರು ಬರೆದದ್ದು ಬಸ್ಸಿನ ಚಕ್ರದ ಕೆಳಗಿನ ಹುರುಳಿ. ನಮ್ಮ ಹುಡುಗ ಇಡೀ ಹಾಳೆಗೆ ಕಪ್ಪು ಬಣ್ಣ ತುಂಬಿ, ಮಧ್ಯೆ ಎರಡು ಚುಕ್ಕಿ ಕೆಂಪು ಇಟ್ಟಿದ್ದ. ಒಂದು ಅಜ್ಜನ ಬೆಂಕಿ, ಇನ್ನೊಂದು ಅಟ್ಟಣೆ ಮೇಲಿನದು. "ಅವರು ಈಗಲೂ ಎದ್ದಿರ್ತಾರೆ ಮಿಸ್" ಅಂದ.

ಶನಿವಾರ ಸಂಜೆ ಶಾಲೆಯ ಗೇಟಿನಲ್ಲಿ ಬಸ್ಸು ನಿಂತಾಗ ಅವನ ಅಮ್ಮ ಎಲ್ಲರಿಗಿಂತ ಮುಂದೆ ನಿಂತಿದ್ದರು. ನಾನು ದೂರದಿಂದಲೇ ತಲೆಯಾಡಿಸಿದೆ. ಅವರು ಮುಖ ಆ ಕಡೆ ತಿರುಗಿಸಿ ಕಣ್ಣೊರೆಸಿಕೊಂಡರು. ಹುಡುಗ ಇಳಿದು ಬ್ಯಾಗು ಅಮ್ಮನ ಕೈಗೆ ಕೊಟ್ಟು ಗಂಭೀರವಾಗಿ ಹೇಳಿದ:

"ಅಮ್ಮ, ಒಂದು ಪೈಜಾಮ ಕಮ್ಮಿ ಇದೆ. ವಾಪಸ್ ಬರುತ್ತೆ. ಯಾರ ಹತ್ರ ಇದೆ ಅಂತ ಮಾತ್ರ ಕೇಳಬೇಡ."

ಮಕ್ಕಳ ಜೊತೆ ಹೋಗುವವರಿಗೆ

ಮೈಸೂರಿನಿಂದ ಗುಂಡ್ಲುಪೇಟೆ ರಸ್ತೆಯಲ್ಲಿ ಸುಮಾರು 60 ಕಿ.ಮೀ. ಹೂವಿನ ಹೊಲ ನೋಡಬೇಕಿದ್ದರೆ ಜುಲೈ, ಆಗಸ್ಟ್. ರಾಗಿ, ಹುರುಳಿ, ಅವರೆ ಬೇಕಿದ್ದರೆ ಡಿಸೆಂಬರ್. ಹೊಲಕ್ಕೆ ಇಳಿಯುವ ಮುನ್ನ ಕೇಳಿ. ಬಂಡೀಪುರದ ರಸ್ತೆ ರಾತ್ರಿ 9ಕ್ಕೆ ಮುಚ್ಚುತ್ತದೆ, ಲೆಕ್ಕ ಹಾಕಿ ಹೊರಡಿ. ಗೋಪಾಲಸ್ವಾಮಿ ಬೆಟ್ಟಕ್ಕೆ ಬೆಳಿಗ್ಗೆಯೇ ಹೋಗಿ, ಪ್ಲಾಸ್ಟಿಕ್ ಒಯ್ಯಬೇಡಿ, ಬೆಚ್ಚಗಿನ ಬಟ್ಟೆ ಮರೆಯಬೇಡಿ.

ಮಗುವಿನ ಮೊದಲ ಹೊರಗಿನ ರಾತ್ರಿಯಾದರೆ, ಮಲಗುವ ಹೊತ್ತಿಗೆ ವಿಡಿಯೋ ಕಾಲ್ ಬೇಡ. ರಾತ್ರಿಯ ತೊಂದರೆ ಏನಾದರೂ ಇದ್ದರೆ ಟೀಚರ್‌ಗೆ ಮೊದಲೇ ಒಂದು ಮಾತು ಹೇಳಿ, ಮುಚ್ಚಿಡಬೇಡಿ. ಮತ್ತೆ, ಬಟ್ಟೆ ಒಂದು ಜೊತೆ ಹೆಚ್ಚಿಗೆ ಹಾಕಿ. ನಿಮ್ಮ ಮಗುವಿಗೆ ಬೇಕಾಗದಿದ್ದರೂ ಇನ್ನೊಂದು ಮಗುವಿಗೆ ಬೇಕಾಗಬಹುದು.